‘ಹೇಗೂ ಕೆಟ್ಟಿತಲ್ಲ’ ಎನ್ನುವ ಮನಸ್ಸು

ಪ್ರಶ್ನೆ: ನನಗೆ 36 ವರ್ಷ. ಯಾವ ಕೆಲಸಕ್ಕೆ ಕೈ ಹಾಕಿದರೂ ಪೂರ್ತಿಯಾಗಿ, ಅಚ್ಚುಕಟ್ಟಾಗಿ ಮಾಡಬೇಕು. ಇಲ್ಲದಿದ್ದರೆ ಅದನ್ನು ಮುಟ್ಟಲೂ ಮನಸ್ಸು ಬರುವುದಿಲ್ಲ. ಎರಡು ತಿಂಗಳ ಹಿಂದೆ ದಿನಕ್ಕೊಂದು ಗಂಟೆ ವ್ಯಾಯಾಮ ಮಾಡುವ ಪಣ ತೊಟ್ಟು 19 ದಿನ ತಪ್ಪದೆ ಮಾಡಿದೆ. ಇಪ್ಪತ್ತನೆಯ ದಿನ ಜ್ವರ ಬಂದು ತಪ್ಪಿತು, ಅಲ್ಲಿಗೆ ಬಿಟ್ಟೇಬಿಟ್ಟೆ. ಕಚೇರಿಯಲ್ಲಿ ನಾನು ಸಿದ್ಧಪಡಿಸಿದ 40 ಪುಟಗಳ ವರದಿಯಲ್ಲಿ ಒಂದು ಅಂಕಿ ತಪ್ಪಾಗಿತ್ತು. ಮೇಲಧಿಕಾರಿ ಅದನ್ನು ತಿದ್ದಿಕೊಡಲು ಹೇಳಿದಷ್ಟಕ್ಕೇ ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಎನಿಸಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಹತ್ತಿರದವರು ‘ಸ್ವಲ್ಪ ಸಡಿಲ ಬಿಡು’ ಎನ್ನುತ್ತಾರೆ. ಸಡಿಲ ಬಿಟ್ಟರೆ ಸೋಮಾರಿಯಾಗಿಬಿಡುತ್ತೇನೆಂಬ ಭಯ ನನಗೆ. ಇದರಿಂದ ಹೊರಬರಲು ಸಾಧ್ಯವೇ, ಅಥವಾ ಇದು ನನ್ನ ಹುಟ್ಟುಗುಣವೇ?

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನೀವು ವಿವರಿಸಿದ ಸಮಸ್ಯೆ ಆ ಸಾಲಿನೊಳಗೇ ಕುಳಿತಿದೆ. ‘ಹೊರಬರಲು ಸಾಧ್ಯವೇ, ಅಥವಾ ಹುಟ್ಟುಗುಣವೇ’ ಎಂದು ಕೇಳುವಾಗ ನೀವು ನನ್ನ ಮುಂದೆ ಎರಡೇ ಬಾಗಿಲುಗಳನ್ನಿಟ್ಟಿದ್ದೀರಿ. ಎಲ್ಲವನ್ನೂ ಎರಡಾಗಿ ಒಡೆದು ನೋಡುವ ಒಲವು ನಿಮ್ಮಲ್ಲಿ ಇತರರಿಗಿಂತ ತುಸು ಹೆಚ್ಚೇ ಇರಬಹುದು, ಅದು ಪೂರ್ತಿಯಾಗಿ ಅಳಿದುಹೋಗದೆಯೂ ಇರಬಹುದು. ಹಾಗಿದ್ದರೂ ಅದು ನಿಮ್ಮ ದಿನಗಳನ್ನು ಕೆಡಿಸುವ ಪ್ರಮಾಣ ಸಾಕಷ್ಟು ತಗ್ಗಬಲ್ಲದು. ನಾನು ಪ್ರಾಮಾಣಿಕವಾಗಿ ಕೊಡಬಲ್ಲ ಉತ್ತರ ಇದು, ಮತ್ತು ಇಂಥ ನಡುವಿನ ಉತ್ತರ ನಿಮಗೆ ಸ್ವಲ್ಪ ನಿರಾಸೆ ತಂದಿದ್ದರೆ ಆ ನಿರಾಸೆಯನ್ನೂ ಗಮನಿಸಿ.

1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರು ಖಿನ್ನತೆಯಿಂದ ಬಳಲುತ್ತಿದ್ದವರ ಮಾತುಗಳನ್ನು ಗಮನವಿಟ್ಟು ಕೇಳುತ್ತಾ ಹೋದಾಗ, ಅವರ ದುಃಖದ ಬೆನ್ನಿಗೆ ತರ್ಕದ ಕೆಲವು ತಪ್ಪುಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುವುದನ್ನು ಗುರುತಿಸಿದರು. ಅವುಗಳಲ್ಲಿ ಒಂದು, ಎಲ್ಲ ಅನುಭವವನ್ನೂ ಎರಡು ವಿರುದ್ಧ ಕೋಣೆಗಳಿಗೆ ಹಂಚಿಬಿಡುವುದು: ಗೆಲುವು ಅಥವಾ ಸೋಲು, ಪರಿಪೂರ್ಣ ಅಥವಾ ಕಳಪೆ. ಇಲ್ಲಿ ನಾವು ಅದನ್ನು ‘ಇಬ್ಭಾಗದ ಯೋಚನೆ’ ಎಂದು ಕರೆಯೋಣ. ಅದು ತನ್ನಷ್ಟಕ್ಕೆ ಒಂದು ರೋಗವಲ್ಲ. ಆಪತ್ತು ಎದುರಾದಾಗ ಓಡಬೇಕೋ ನಿಲ್ಲಬೇಕೋ ಎಂದು ಕ್ಷಣದಲ್ಲಿ ನಿರ್ಧರಿಸಲು ಮನಸ್ಸಿಗೆ ಎರಡು ಕೋಣೆಗಳೇ ಅನುಕೂಲ, ಮತ್ತು ದಣಿದಾಗ, ಹೆದರಿದಾಗ, ನಿದ್ದೆಗೆಟ್ಟಾಗ ಬಹುಮಟ್ಟಿಗೆ ಎಲ್ಲರೂ ಹಾಗೆಯೇ ಯೋಚಿಸುತ್ತಾರೆ. ಆಪತ್ತಿಗೆಂದು ಇಟ್ಟುಕೊಂಡ ಆ ಸಾಧನವನ್ನು ಒಂದು ವರದಿಯನ್ನೋ ಒಂದು ದಿನದ ವ್ಯಾಯಾಮವನ್ನೋ ಅಳೆಯಲು ತೆಗೆದುಕೊಂಡಾಗ ತೊಂದರೆ ಶುರುವಾಗುತ್ತದೆ.

ಈಗ ನಿಮ್ಮ ಭಯದ ವಿಷಯ. ಸಡಿಲ ಬಿಡಿ ಎಂದು ನಾನು ಹೇಳಲಾರೆ, ಏಕೆಂದರೆ ಆ ಸಲಹೆ ನಿಮ್ಮಂಥವರ ಕಿವಿಗೆ ‘ಕಳಪೆಯಾಗಿ ಮಾಡು’ ಎಂದೇ ಕೇಳಿಸುತ್ತದೆ, ಮತ್ತು ನೀವು ಅದನ್ನು ತಿರಸ್ಕರಿಸುವುದು ಸಹಜವೇ. ಗುರಿ ಎತ್ತರದಲ್ಲಿರುವುದು ಬೇರೆ, ಅಳತೆಗೋಲಿನಲ್ಲಿ ಎರಡೇ ಗೆರೆಗಳಿರುವುದು ಬೇರೆ. 40 ಪುಟಗಳ ವರದಿಯಲ್ಲಿ ಒಂದು ತಪ್ಪೂ ಇರಬಾರದೆಂದು ಬಯಸುವ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರ ಅಳತೆಗೋಲಿನಲ್ಲಿ ಸೊನ್ನೆಯಿಂದ ನೂರರವರೆಗೆ ಗೆರೆಗಳಿವೆ. ಒಂದು ಅಂಕಿ ತಪ್ಪಿದಾಗ ಅವರು ಎಲ್ಲಿ ತಪ್ಪಿತು, ಯಾವ ಹಂತದಲ್ಲಿ ಮರುಪರಿಶೀಲನೆ ಬೇಕಿತ್ತು ಎಂದು ನೋಡುತ್ತಾರೆ. ಇನ್ನೊಬ್ಬರ ಕೋಲಿನಲ್ಲಿ ಸೊನ್ನೆ ಮತ್ತು ನೂರು ಮಾತ್ರ ಇವೆ. ಅವರಿಗೆ ತಪ್ಪಿನ ಜಾಗ ಕಾಣಿಸುವುದೇ ಇಲ್ಲ, ತಾವು ಸೊನ್ನೆಗೆ ಬಿದ್ದದ್ದು ಮಾತ್ರ ಕಾಣಿಸುತ್ತದೆ. ಇಬ್ಬರ ಗುರಿಯೂ ಒಂದೇ. ಮುಂದಿನ ವರದಿ ಯಾರದು ಉತ್ತಮವಾಗಿರುತ್ತದೆ ಎಂಬುದನ್ನು ನೀವೇ ಊಹಿಸಬಲ್ಲಿರಿ.

ತನ್ನನ್ನು ತಾನು ಕಠಿಣವಾಗಿ ದಂಡಿಸಿಕೊಂಡರೆ ಮಾತ್ರ ಶ್ರಮ ಬರುತ್ತದೆ ಎಂಬ ನಂಬಿಕೆಯನ್ನೂ ಸಂಶೋಧನೆ ಬೆಂಬಲಿಸಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಆವರಣದ ಇಬ್ಬರು ಮನಶ್ಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕಠಿಣ ಪರೀಕ್ಷೆಯೊಂದರಲ್ಲಿ ಹಿಂದೆ ಬಿದ್ದ ವಿದ್ಯಾರ್ಥಿಗಳ ಪೈಕಿ ತಮ್ಮ ಸೋಲನ್ನು ಕರುಣೆಯಿಂದ ನೋಡುವಂತೆ ಪ್ರೇರೇಪಿಸಲ್ಪಟ್ಟವರು ಮುಂದಿನ ಪರೀಕ್ಷೆಗೆ ಉಳಿದವರಿಗಿಂತ ಹೆಚ್ಚು ಹೊತ್ತು ಓದಿದರು. ಇಷ್ಟರಿಂದಲೇ ನಿಮ್ಮ ಭಯ ಕರಗುತ್ತದೆಂದು ನಾನು ಭಾವಿಸಿಲ್ಲ. ಭಯಗಳು ವಾದದಿಂದ ಕರಗುವುದು ಕಡಿಮೆ. ಕೆಳಗೆ ಹೇಳುವ ಪ್ರಯತ್ನಗಳನ್ನು ಮಾಡಿನೋಡುವಷ್ಟು ಧೈರ್ಯ ಅದರಿಂದ ಬಂದರೆ ಸಾಕು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ನಿಮ್ಮ ಇಪ್ಪತ್ತನೆಯ ದಿನ. ಜ್ವರ ಬಂದದ್ದರಿಂದ ನೀವು ಕಳೆದುಕೊಂಡದ್ದು ಹೆಚ್ಚೆಂದರೆ ಮೂರು-ನಾಲ್ಕು ದಿನ. ಉಳಿದ ಸುಮಾರು ಐದು ವಾರಗಳನ್ನು ಕಿತ್ತುಕೊಂಡದ್ದು ‘ಹೇಗೂ ಕೆಟ್ಟಿತಲ್ಲ, ಇನ್ನೇನು’ ಎಂಬ ಒಂದು ಮಾತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ. ಈ ಮಾತು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಐವತ್ತು ವರ್ಷಗಳಿಂದ ಅಧ್ಯಯನ ಮಾಡಿದ್ದಾರೆ. 1975ರಲ್ಲಿ ಪೀಟರ್ ಹರ್ಮನ್ ಮತ್ತು ಸಹಸಂಶೋಧಕರೊಬ್ಬರು ಕಾಲೇಜು ವಿದ್ಯಾರ್ಥಿನಿಯರಿಗೆ ಮೊದಲು ಮಿಲ್ಕ್‌ಶೇಕ್ ಕೊಟ್ಟು, ನಂತರ ರುಚಿ ನೋಡಿ ಹೇಳಬೇಕೆಂಬ ನೆಪದಲ್ಲಿ ಐಸ್‌ಕ್ರೀಮನ್ನು ಮುಂದಿಟ್ಟರು. ಆಹಾರದ ಬಗ್ಗೆ ಕಟ್ಟುಪಾಡು ಇಟ್ಟುಕೊಳ್ಳದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಸಹಜವಾಗಿಯೇ ಕಡಿಮೆ ತಿಂದರು. ಸದಾ ಪಥ್ಯದ ನಿಯಮ ಪಾಲಿಸುತ್ತಿದ್ದವರು ಮಾತ್ರ, ಏನೂ ಕುಡಿಯದಿದ್ದಾಗ ತಿನ್ನುವುದಕ್ಕಿಂತ ಹೆಚ್ಚು ತಿಂದರು. ನಿಯಮ ಒಮ್ಮೆ ಮುರಿದ ಮೇಲೆ ಅದನ್ನು ಕಾಯುವ ಕಾರಣವೇ ಅವರಿಗೆ ಉಳಿದಿರಲಿಲ್ಲ. ಮರುವರ್ಷ ಜಾನೆಟ್ ಪೊಲಿವಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಲ್ಲಿ ನಿರ್ಣಾಯಕವಾದದ್ದು ಅವರು ನಿಜವಾಗಿ ಸೇವಿಸಿದ ಕ್ಯಾಲೊರಿಗಿಂತ, ‘ನಿಯಮ ಮುರಿದೆ’ ಎಂಬ ಅವರ ನಂಬಿಕೆ ಎಂದು ತೋರಿಸಿದರು. ಈ ಸಂಗತಿಯನ್ನು ನೀವು ಎರಡು ಸಲ ಓದಬೇಕೆಂದು ನನ್ನ ಆಸೆ. ಕೆಡುವುದು ತಪ್ಪಿನಿಂದ ಸ್ವಲ್ಪ. ತಪ್ಪಿಗೆ ನಾವು ಕೊಡುವ ಅರ್ಥದಿಂದ ಬಹಳ.

ಮದ್ಯವ್ಯಸನದ ಚಿಕಿತ್ಸೆಯಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಂಡಿದೆ. ಅಲನ್ ಮಾರ್ಲಾಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು, ಕುಡಿತ ಬಿಟ್ಟವರು ಒಮ್ಮೆ ಎಡವುವುದಕ್ಕೂ ಪೂರ್ತಿಯಾಗಿ ಹಳೆಯ ಸ್ಥಿತಿಗೆ ಬೀಳುವುದಕ್ಕೂ ನಡುವೆ ವ್ಯತ್ಯಾಸವನ್ನು ಗುರುತಿಸಿ, 1980ರ ದಶಕದಲ್ಲಿ ಅದರ ಮೇಲೆ ಒಂದು ಚಿಕಿತ್ಸಾಕ್ರಮವನ್ನೇ ಕಟ್ಟಿದರು. ಎಡವಿದವರು ಅದಕ್ಕೆ ಕೊಟ್ಟುಕೊಳ್ಳುವ ಕಾರಣ ಮುಂದಿನದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ ಎಂಬುದು ಅವರ ವಿವರಣೆ. ‘ನನಗೆ ಮನೋಬಲವೇ ಇಲ್ಲ’ ಎಂದುಕೊಂಡವರಿಗೆ ಮತ್ತೆ ಪ್ರಯತ್ನಿಸಲು ದಾರಿಯೇ ಉಳಿಯುವುದಿಲ್ಲ, ಏಕೆಂದರೆ ಮನೋಬಲವಿಲ್ಲದವರು ಏನು ತಾನೆ ಮಾಡಿಯಾರು? ‘ಆ ಸಂಜೆ ಆ ಜನರ ಜೊತೆ ಇದ್ದೆ, ಹಿಂದಿನ ರಾತ್ರಿ ನಿದ್ದೆಯಿರಲಿಲ್ಲ, ಬೇಡವೆನ್ನಲು ಮಾತು ಸಿದ್ಧವಿರಲಿಲ್ಲ’ ಎಂದವರಿಗೆ ಸರಿಪಡಿಸಲು ಮೂರು ಸಂಗತಿಗಳು ಸಿಗುತ್ತವೆ. ಗಮನಿಸಿ, ಪೂರ್ತಿ ಬಿಡುವ ಗುರಿ ಇಟ್ಟುಕೊಂಡವರು ಇದಕ್ಕಾಗಿ ಆ ಗುರಿಯಲ್ಲಿ ರಿಯಾಯಿತಿ ಕೊಟ್ಟುಕೊಳ್ಳಬೇಕಿರಲಿಲ್ಲ. ಗುರಿಯನ್ನು ಕಟ್ಟುನಿಟ್ಟಾಗಿ ಇಟ್ಟುಕೊಂಡೇ ಎಡವಿದ ಕ್ಷಣವನ್ನು ಬೇರೆಯಾಗಿ ಓದಬಹುದು.

ಆದ್ದರಿಂದ ನನ್ನ ಮುಖ್ಯ ಸಲಹೆ, ತಪ್ಪದಿರುವುದರ ಮೇಲೆ ಇಟ್ಟಿರುವ ಗಮನದಲ್ಲಿ ಅರ್ಧವನ್ನಾದರೂ ಮರಳಿ ಬರುವುದರ ಮೇಲೆ ಇಡಿ. ‘ಎಷ್ಟು ದಿನ ತಪ್ಪದೆ ಮಾಡಿದೆ’ ಎಂಬ ಲೆಕ್ಕದ ಬದಲು ‘ತಪ್ಪಿದ ಮೇಲೆ ಎಷ್ಟು ದಿನಕ್ಕೆ ಮರಳಿದೆ’ ಎಂಬ ಲೆಕ್ಕವನ್ನು ಬರೆದಿಡಿ. ಸತತ ದಿನಗಳನ್ನು ಎಣಿಸುವ ಆ್ಯಪ್‌ಗಳು ಈ ಸ್ವಭಾವದವರಿಗೆ ಒಳ್ಳೆಯದು ಮಾಡುತ್ತವೆಂದು ನನಗೆ ಅನಿಸಿಲ್ಲ. 19 ಎಂದು ತೋರಿಸುತ್ತಿದ್ದ ಅಂಕಿ ಒಂದೇ ರಾತ್ರಿಯಲ್ಲಿ ಸೊನ್ನೆಯಾಗುವುದನ್ನು ನೋಡಿದವರಿಗೆ ಆ 19 ದಿನಗಳು ದೇಹದಲ್ಲಿ ಇನ್ನೂ ಇವೆಯೆಂಬುದು ಮರೆತೇಹೋಗುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರಗಳ ಕಾಲ ಗಮನಿಸಿ, ಹೊಸ ಅಭ್ಯಾಸವೊಂದು ತಾನಾಗಿಯೇ ನಡೆಯುವಂತಾಗಲು ಎಷ್ಟು ಕಾಲ ಬೇಕೆಂದು ಅಂದಾಜಿಸಿದಾಗ, ಅದು ವ್ಯಕ್ತಿಯಿಂದ ವ್ಯಕ್ತಿಗೆ 18 ದಿನಗಳಿಂದ 254 ದಿನಗಳವರೆಗೆ ಹರಡಿಕೊಂಡಿತ್ತು. ಮಧ್ಯಾಂಕ 66 ದಿನ, ಅಂದರೆ ಅರ್ಧದಷ್ಟು ಜನರಿಗೆ ಅದಕ್ಕಿಂತ ಕಡಿಮೆ, ಉಳಿದರ್ಧ ಜನರಿಗೆ ಹೆಚ್ಚು. ನಿಮಗೆ ಹೆಚ್ಚು ಬೇಕಾದದ್ದು ಅದೇ ಅಧ್ಯಯನದ ಇನ್ನೊಂದು ಫಲಿತಾಂಶ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ರೂಪುಗೊಳ್ಳುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ.

ಮರಳುವುದು ಸುಲಭವಾಗಬೇಕಾದರೆ ಸೊನ್ನೆಗೂ ಒಂದು ಗಂಟೆಗೂ ನಡುವೆ ಮೆಟ್ಟಿಲುಗಳಿರಬೇಕು. ಅವುಗಳನ್ನು ಈಗಲೇ, ಮನಸ್ಸು ತಿಳಿಯಾಗಿರುವಾಗ ಕಟ್ಟಿಟ್ಟುಕೊಳ್ಳಿ. ಒಳ್ಳೆಯ ದಿನ ಒಂದು ಗಂಟೆ, ಸಾಧಾರಣ ದಿನ ಇಪ್ಪತ್ತು ನಿಮಿಷ, ತೀರಾ ಕೆಟ್ಟ ದಿನ ಐದು ನಿಮಿಷದ ನಡಿಗೆ. ಜ್ವರವಿದ್ದ ದಿನ ವಿಶ್ರಾಂತಿ, ಮತ್ತು ಆ ವಿಶ್ರಾಂತಿಯೂ ಯೋಜನೆಯೊಳಗಿನದೇ. ಐದು ನಿಮಿಷದಿಂದ ಏನು ಪ್ರಯೋಜನವೆಂದು ನಿಮ್ಮ ಮನಸ್ಸು ಈಗಾಗಲೇ ಮೂಗು ಮುರಿದಿರುತ್ತದೆ. ಒಂದು ಕಾಲಕ್ಕೆ ಅಧಿಕೃತ ಸಲಹೆಯೂ ನಿಮ್ಮ ಪಕ್ಷವೇ ಇತ್ತು: ವಿಶ್ವ ಆರೋಗ್ಯ ಸಂಸ್ಥೆಯ 2010ರ ಶಿಫಾರಸುಗಳಲ್ಲಿ ಕನಿಷ್ಠ 10 ನಿಮಿಷ ಸತತವಾಗಿ ಮಾಡಿದ ಚಟುವಟಿಕೆಗೆ ಮಾತ್ರ ಲೆಕ್ಕವಿತ್ತು. 2020ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಆ ಷರತ್ತನ್ನು ಕೈಬಿಡಲಾಯಿತು. ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಗುರಿಯನ್ನು ಹೇಳುತ್ತಲೇ, ಏನೂ ಮಾಡದಿರುವುದಕ್ಕಿಂತ ಸ್ವಲ್ಪ ಮಾಡುವುದು ಲೇಸೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಆದರೂ ಐದು ನಿಮಿಷದ ನಿಜವಾದ ಬೆಲೆ ದೇಹಕ್ಕಿಂತ ಮನಸ್ಸಿನಲ್ಲಿದೆಯೆಂದು ನನ್ನ ಅನಿಸಿಕೆ: ‘ಬಿಟ್ಟೆ’ ಎಂಬ ಪದವನ್ನು ಬಳಸಲು ಅದು ಅವಕಾಶವನ್ನೇ ಕೊಡುವುದಿಲ್ಲ.

ವರದಿಯ ವಿಷಯಕ್ಕೆ ಬೇರೆ ಸಾಧನ ಬೇಕು. ಕಾಗದದ ಮೇಲೆ ಒಂದು ಅಡ್ಡಗೆರೆ ಎಳೆದು ಒಂದು ತುದಿಯಲ್ಲಿ ಸೊನ್ನೆ, ಇನ್ನೊಂದು ತುದಿಯಲ್ಲಿ ನೂರು ಎಂದು ಬರೆಯಿರಿ. ಯೋಚನೆಯ ರೀತಿಯನ್ನು ಪರೀಕ್ಷಿಸಿ ತಿದ್ದುವ ‘ಅರಿವಿನ ಚಿಕಿತ್ಸೆ’ಯಲ್ಲಿ ಇದು ಬಹಳ ಬಳಕೆಯಲ್ಲಿರುವ ಅಭ್ಯಾಸ. ನಿಮ್ಮ ವರದಿಯನ್ನು ಮೊದಲು ಮನಸ್ಸು ಹೇಳಿದ ಕಡೆಗೇ ಇಡಿ. ನೀವು ಸೊನ್ನೆಯ ಹತ್ತಿರ ಎಲ್ಲೋ ಇಡುತ್ತೀರಿ. ಈಗ ಸೊನ್ನೆ ಎಂದರೆ ಏನು ಎಂಬುದನ್ನು ವಿವರವಾಗಿ ಬರೆಯಬೇಕು. ವರದಿಯನ್ನು ಕೊಡದೇ ಇರುವುದು. ಕೊಟ್ಟರೂ ಅಂಕಿಗಳನ್ನೆಲ್ಲ ಊಹಿಸಿ ತುಂಬಿರುವುದು. ತಪ್ಪನ್ನು ತೋರಿಸಿದಾಗ ಇನ್ನೊಬ್ಬರ ಮೇಲೆ ಹೊರಿಸುವುದು. ಬಳಿಕ ಇಪ್ಪತ್ತೈದು, ಐವತ್ತು, ಎಪ್ಪತ್ತೈದರ ಜಾಗಗಳಲ್ಲಿ ಎಂಥ ವರದಿಗಳು ಬರುತ್ತವೆಂದು, ನೀವು ನೋಡಿರುವ ಬೇರೆ ವರದಿಗಳನ್ನು ನೆನೆದು ತುಂಬಿ. ಇಷ್ಟಾದ ಮೇಲೆ 40 ಪುಟಗಳಲ್ಲಿ ಒಂದು ಅಂಕಿ ತಪ್ಪಿದ, ಕೇಳಿದ ಕೂಡಲೇ ತಿದ್ದಿಕೊಟ್ಟ ವರದಿಯನ್ನು ಸೊನ್ನೆಯ ಬಳಿ ಇಟ್ಟುಕೊಂಡಿರಲು ನಿಮ್ಮಿಂದಲೇ ಆಗುವುದಿಲ್ಲ. ಅದನ್ನು ತೊಂಬತ್ತಕ್ಕೆ ಸರಿಸಬೇಕೆಂದು ನಾನು ಒತ್ತಾಯಿಸುವುದಿಲ್ಲ, ಎಪ್ಪತ್ತಕ್ಕೆ ಸರಿಸಿದರೂ ಸರಿ. ಗೆರೆಯನ್ನು ಕೈಯಿಂದ ಎಳೆದು ಮಾಡಬೇಕು. ತಲೆಯೊಳಗೇ ಮಾಡಹೊರಟರೆ ಮನಸ್ಸು ನಡುವಿನ ಗೆರೆಗಳನ್ನು ಅಳಿಸುತ್ತಲೇ ಹೋಗುತ್ತದೆ.

ಭಾಷೆಯ ಬಗ್ಗೆಯೂ ಒಂದು ಮಾತು. ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆತಂಕ, ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆಗಳಿಂದ ಬಳಲುವವರು ಅಂತರ್ಜಾಲದಲ್ಲಿ ಬರೆದ ಇಂಗ್ಲಿಷ್ ಬರಹಗಳಲ್ಲಿ ‘ಯಾವಾಗಲೂ’, ‘ಏನೂ ಇಲ್ಲ’, ‘ಸಂಪೂರ್ಣವಾಗಿ’ ಎಂಬರ್ಥದ ನಿರಪೇಕ್ಷ ಪದಗಳು ಇತರರ ಬರಹಗಳಿಗಿಂತ ಹೆಚ್ಚಾಗಿದ್ದವು. ಇದನ್ನು ಓದಿದಾಗ ನನಗೆ ನಮ್ಮ ಭಾಷೆಯ ಒಂದು ವಿಶೇಷ ಹೊಳೆಯಿತು. ಯಾವಾಗಲೂ, ಎಂದಿಗೂ, ಎಲ್ಲರೂ, ಯಾರೂ, ಏನೂ, ಎಲ್ಲಿಯೂ: ಕನ್ನಡದಲ್ಲಿ ಇಂಥ ಪದಗಳ ಬಾಲದಲ್ಲಿ ಒಂದೇ ‘ಊ’ ಕುಳಿತಿರುತ್ತದೆ. ನಿಮ್ಮೊಳಗಿನ ಮಾತಿನಲ್ಲಿ ಆ ‘ಊ’ ಕೇಳಿಸಿದಾಗ ಒಂದು ಕ್ಷಣ ನಿಂತು, ‘ನಾನು ಏನೂ ಸರಿಯಾಗಿ ಮಾಡುವುದಿಲ್ಲ’ ಎಂಬುದನ್ನು ‘ಈ ವರದಿಯ ಈ ಪುಟದಲ್ಲಿ ಈ ಅಂಕಿ ತಪ್ಪಿತು’ ಎಂದು ಹೇಳಿನೋಡಿ. ಸ್ವಾರಸ್ಯವೆಂದರೆ ಮದ್ದೂ ಅದೇ ಅಕ್ಷರದಲ್ಲಿದೆ. ‘ವರದಿ ಚೆನ್ನಾಗಿತ್ತು, ಆದರೆ ತಪ್ಪಿತ್ತು’ ಎಂದಾಗ ‘ಆದರೆ’ ಬಂದು ಮೊದಲರ್ಧವನ್ನು ಒರೆಸಿಹಾಕುತ್ತದೆ. ‘ವರದಿ ಚೆನ್ನಾಗಿಯೂ ಇತ್ತು, ಅದರಲ್ಲಿ ಒಂದು ತಪ್ಪೂ ಇತ್ತು’ ಎಂದಾಗ ಎರಡು ‘ಊ’ಗಳು ಎರಡು ಸತ್ಯಗಳನ್ನು ಪಕ್ಕಪಕ್ಕದಲ್ಲಿ ಕೂರಿಸುತ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ಅವರು ರೂಪಿಸಿದ ದ್ವಂದ್ವಾತ್ಮಕ ವರ್ತನಾ ಚಿಕಿತ್ಸೆಯ ತಿರುಳು ಹೆಚ್ಚುಕಡಿಮೆ ಇದೇ: ವ್ಯಕ್ತಿ ತನ್ನನ್ನು ಇರುವಂತೆ ಒಪ್ಪಿಕೊಳ್ಳಲೂಬೇಕು, ಬದಲಾಗಲೂಬೇಕು.

ಇನ್ನೊಂದು ಪ್ರಯೋಗ ನಿಮಗೆ ಇಷ್ಟವಾಗಲಾರದು, ಆದರೂ ಹೇಳುತ್ತೇನೆ. ಯಾರಿಗೂ ಹಾನಿಯಾಗದ ಒಂದು ಚಿಕ್ಕ ಕೆಲಸವನ್ನು ಆರಿಸಿ, ಅದನ್ನು ಬೇಕೆಂದೇ ಎಂಬತ್ತರ ಮಟ್ಟದಲ್ಲಿ ನಿಲ್ಲಿಸಿ. ಸಹೋದ್ಯೋಗಿಗೆ ಕಳುಹಿಸುವ ಸಾಮಾನ್ಯ ಇಮೇಲನ್ನು ಐದು ಸಲದ ಬದಲು ಒಂದೇ ಸಲ ಓದಿ ಕಳುಹಿಸಬಹುದು, ಕಪಾಟಿನ ಒಂದು ಅರೆಯನ್ನಷ್ಟೇ ಜೋಡಿಸಿ ಬಾಗಿಲು ಹಾಕಬಹುದು. ಮಾಡುವ ಮೊದಲು, ಏನಾಗುತ್ತದೆಂದು ನಿಮಗೆ ಅನಿಸುತ್ತದೆಯೋ ಅದನ್ನು ಬರೆದಿಡಿ. ಮರುದಿನ, ನಿಜವಾಗಿ ಏನಾಯಿತೆಂದು ಅದರ ಪಕ್ಕದಲ್ಲಿ ಬರೆಯಿರಿ. ಮೊದಮೊದಲು ಕಸಿವಿಸಿ ಖಂಡಿತ. ಆ ಕಸಿವಿಸಿಯನ್ನು ಏನೂ ಮಾಡದೆ ಬಿಟ್ಟರೆ ಅದು ತಾನಾಗಿಯೇ ಇಳಿಯುತ್ತದೆ ಎಂಬುದನ್ನು ಅನುಭವದಿಂದ ಕಲಿಯುವುದೇ ಇಲ್ಲಿಯ ಉದ್ದೇಶ.

ಎಲ್ಲ ವಿಷಯದಲ್ಲೂ ನಡುದಾರಿಯೇ ಸರಿಯೆಂದು ನಾನು ಹೇಳಿದರೆ ಅದೂ ಇನ್ನೊಂದು ಬಗೆಯ ಇಬ್ಭಾಗದ ಯೋಚನೆಯೇ ಆದೀತು. ಕುಡಿದು ವಾಹನ ಓಡಿಸಬಾರದೆಂಬ ನಿಯಮಕ್ಕೆ ಎಂಬತ್ತರಷ್ಟು ಪಾಲನೆ ಎಂಬುದಿಲ್ಲ. ಇನ್ನೊಬ್ಬರ ಮೇಲೆ ಕೈಮಾಡದಿರುವುದು, ಒಪ್ಪಿಗೆಯಿಲ್ಲದೆ ಮುಟ್ಟದಿರುವುದು ಅಂಥವೇ. ಹಾಗೆಯೇ ಕೆಲವರಿಗೆ ಕೆಲವು ವಿಷಯಗಳಲ್ಲಿ ‘ಸ್ವಲ್ಪ’ ಎನ್ನುವುದಕ್ಕಿಂತ ‘ಬೇಡವೇ ಬೇಡ’ ಎನ್ನುವುದೇ ಸುಲಭ. ಅದರಿಂದ ಅವರ ಬದುಕು ಹಗುರವಾಗಿದ್ದರೆ ಅದನ್ನು ತಿದ್ದಲು ನಾನು ಹೋಗುವುದಿಲ್ಲ. ನಿಯಮವು ನಿಮ್ಮನ್ನು ಕೆಲಸಕ್ಕೆ ಹಚ್ಚುತ್ತಿದೆಯೇ ಅಥವಾ ಕೆಲಸದಿಂದ ದೂರವಿಡುತ್ತಿದೆಯೇ ಎಂದು ಕೇಳಿಕೊಳ್ಳಿ. ದಿನಕ್ಕೊಂದು ಗಂಟೆಯ ನಿಮ್ಮ ನಿಯಮ ಐದು ವಾರಗಳಿಂದ ಎರಡನೆಯದನ್ನೇ ಮಾಡುತ್ತಿದೆ.

ಈ ಅಭ್ಯಾಸಗಳನ್ನು ಒಬ್ಬರೇ ಮಾಡುವುದಕ್ಕೆ ಮಿತಿಯಿದೆ. ನಿದ್ದೆಗೇಡು ಎರಡು ರಾತ್ರಿಗೆ ನಿಲ್ಲದೆ ಮುಂದುವರಿದರೆ, ಮನಸ್ಸಿನ ಮಂಕು ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಭಾಗವನ್ನು ಆವರಿಸಿದ್ದರೆ, ಊಟದ ವಿಷಯದಲ್ಲಿ ಕಟ್ಟುಪಾಡು ಮತ್ತು ಮಿತಿಮೀರಿ ತಿನ್ನುವುದು ಒಂದರ ಹಿಂದೊಂದು ಬರುತ್ತಿದ್ದರೆ, ಹತ್ತಿರದವರು ನಿಮ್ಮ ಕಣ್ಣಿಗೆ ಒಂದು ದಿನ ದೇವರಂತೆ, ಮರುದಿನ ಶತ್ರುವಿನಂತೆ ಕಾಣಿಸುತ್ತಿದ್ದರೆ, ಮನಶ್ಶಾಸ್ತ್ರಜ್ಞರನ್ನೋ ಮನೋವೈದ್ಯರನ್ನೋ ಕಾಣಿ. ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ ತಡಮಾಡದೆ ಹೋಗಿ. ಇವುಗಳಿಗೆ ಪರೀಕ್ಷಿಸಿ ಒರೆಗೆ ಹಚ್ಚಿದ ಚಿಕಿತ್ಸೆಗಳಿವೆ.

ಕೊನೆಯದಾಗಿ, ಇದನ್ನೆಲ್ಲ ನೀವು ನಿಮ್ಮ ಹಳೆಯ ರೀತಿಯಲ್ಲೇ ಆರಂಭಿಸುತ್ತೀರೆಂದು ನನಗೆ ಗೊತ್ತಿದೆ. ಹೊಸ ಪುಸ್ತಕ ತೆಗೆದು, ಗೆರೆ ಎಳೆದು, ಮೊದಲ ಎರಡು ವಾರ ಒಂದು ದಿನವೂ ಬಿಡದೆ ಬರೆಯುತ್ತೀರಿ. ಆಮೇಲೊಂದು ದಿನ ಯಾರೋ ಏನೋ ಹೇಳಿ, ನೀವು ಮತ್ತೆ ಪೂರ್ತಿ ಸೊನ್ನೆಯಾಗಿ, ‘ಈ ಉಪಾಯವೂ ನನಗೆ ಹತ್ತಲಿಲ್ಲ’ ಎಂದು ಪುಸ್ತಕ ಮುಚ್ಚುತ್ತೀರಿ. ಆ ದಿನಕ್ಕಾಗಿ ಪುಸ್ತಕದ ಮೊದಲ ಪುಟದಲ್ಲಿ ಎರಡು ಕಂಬಸಾಲು ಹಾಕಿಡಿ: ತಪ್ಪಿದ ದಿನಾಂಕ, ಮರಳಿದ ದಿನಾಂಕ. ಇಂದು ಐದು ನಿಮಿಷ ನಡೆದು ಬಂದರೆ ಮೊದಲ ಸಾಲನ್ನು ಇಂದೇ ತುಂಬಬಹುದು. ನಡುವಿನ ಅಂತರ ಸುಮಾರು 40 ದಿನ ಎಂದು ಬರುತ್ತದೆ. ಎರಡನೆಯ ಸಾಲಿನಲ್ಲಿ ಅದು 12 ದಿನವಾಗಿದ್ದರೆ, ಎಷ್ಟೇ ಸಂಕೋಚವಾದರೂ, ಅದನ್ನು ಹಾಗೆಯೇ ಬರೆಯಿರಿ.